ಅಂಗಳ ಕಳೆದುಕೊಂಡ ಅಂಗನವಾಡಿ

ಯರಗಟ್ಟಿಯಲ್ಲಿ ಬಸ್ಸಿಳಿದು ಖಾಲಾನ ಮನೆಗೆ ನಡೆದು ಹೋಗುವಾಗ, ಕಳೆದ ಸಲ, ಎರಡು ಬೋರ್ಡುಗಳು ನನ್ನ ಕಣ್ಣಿಗೆ ಬಿದ್ದವು. ಎರಡರ ಮೇಲೂ ಇದ್ದದ್ದು ಒಂದೇ ಶಬ್ದ: ನರ್ಸರಿ. ಮೊದಲನೆಯದು ಸಸಿ ಮಾರುವ ಜಾಗ. ಹಸಿರು ನೆಟ್ಟಿನ ಕೆಳಗೆ ಮೆಣಸಿನ ಸಸಿ, ಬದನೆ ಸಸಿ, ಟೊಮ್ಯಾಟೊ ಸಸಿ ಸಾಲಾಗಿ ನಿಂತಿದ್ದವು. ಎರಡನೆಯದು ಮಕ್ಕಳ ಜಾಗ. ಅದರ ಗೋಡೆಯ ಮೇಲೆ ಸೇಬುಹಣ್ಣು, ಜಿರಾಫೆ, ಹಿಮದ ಮೇಲೆ ನಿಂತ ಪೆಂಗ್ವಿನ್ ಬರೆಸಿದ್ದರು. ಕಿಟಕಿಗಳು ಮುಚ್ಚಿದ್ದವು. ಒಳಗಿನಿಂದ ಮಕ್ಕಳು ಒಕ್ಕೊರಲಿನಿಂದ ಇಂಗ್ಲಿಷ್ ಪದ್ಯವೊಂದನ್ನು ಒದರುವ ದನಿ ಕೇಳುತ್ತಿತ್ತು.

ಸಸಿಯವನ ಜೊತೆ ಸ್ವಲ್ಪ ಹೊತ್ತು ಮಾತಾಡಿದೆ. ಕೆಲವು ಟ್ರೇಗಳನ್ನು ನೆಟ್ಟಿನಿಂದ ಹೊರಗೆ, ಬಿಸಿಲಿಗೆ ಯಾಕೆ ಇಟ್ಟಿದ್ದೀರಿ ಎಂದು ಕೇಳಿದೆ. ಅವನೆಂದ: "ಹೊಲಕ್ಕ ಕೊಡೂಕಿಂತ ಮೊದಲ ಒಂದ್ ವಾರ ಹೊರಗ ಇಡಬೇಕ್ರಿ. ಬಿಸಲು, ಗಾಳಿ ರೂಢಿ ಆಗಬೇಕ್ರಿ. ನೆಟ್ಟಿನ ಒಳಗಿಂದ ಸೀದಾ ಒಯ್ದು ಹಚ್ಚಿದ್ರ ಬಾಡಿ ಬೀಳ್ತಾವ್ರಿ." ಸಸಿಯ ನರ್ಸರಿಯವನಿಗೆ ತಿಳಿದಿರುವ ಈ ಮಾತು ಮಕ್ಕಳ ನರ್ಸರಿಯವರಿಗೆ ಯಾಕೆ ತಿಳಿಯದೆ ಹೋಯಿತು ಎಂಬ ಪ್ರಶ್ನೆಯಿಂದ ಈ ಬರಹ ಹುಟ್ಟಿದೆ.

ಇದು ಬರಿಯ ಶಬ್ದದ ಆಟವಲ್ಲ. ಎಳೆಯ ಮಕ್ಕಳ ಶಾಲೆಗೆ ನಾವು ಬಳಸುವ ಹೆಸರುಗಳನ್ನು ಬಿಡಿಸಿ ನೋಡಿದರೆ ಸೋಜಿಗವಾಗುತ್ತದೆ. ನರ್ಸರಿ ಎಂದರೆ ಸಸಿಮಡಿ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಹಾಗೆಂದರೆ ಮಕ್ಕಳ ತೋಟ. ಆತ ಅದನ್ನು ಅಲಂಕಾರಕ್ಕೆ ಹೇಳಿದ್ದಲ್ಲ. ಪ್ರತಿ ಮಗುವಿಗೂ ತಾನೇ ಬಿತ್ತಿ ನೀರುಣಿಸುವ ಒಂದು ಚಿಕ್ಕ ಮಡಿ ಇರಬೇಕು ಎಂಬುದು ಅವನ ಯೋಜನೆಯಾಗಿತ್ತು. ನಾವು ಆ ಹೆಸರನ್ನು ಕತ್ತರಿಸಿ 'ಕೆ.ಜಿ.' ಮಾಡಿಕೊಂಡೆವು. ಹೆಸರಿನ ಜೊತೆಗೆ ತೋಟವೂ ಹೋಯಿತು. ಇನ್ನು ಬಾಲವಾಡಿ, ಅಂಗನವಾಡಿ. ಮರಾಠಿ, ಗುಜರಾತಿಗಳಲ್ಲಿ ವಾಡಿ ಎಂದರೆ ತೋಟ, ಹಟ್ಟಿ. ಅಂಗನ ಎಂದರೆ ಅಂಗಳ. ಹೀಗೆ ಎಲ್ಲ ಹೆಸರುಗಳ ಹೊಟ್ಟೆಯಲ್ಲೂ ಬಯಲಿದೆ. ಎಲ್ಲವೂ ಈಗ ಬಾಗಿಲು ಹಾಕಿಕೊಂಡು ಒಳಗೆ ಕೂತಿವೆ.

ಅಂಗನವಾಡಿ ಎಂಬ ಶಬ್ದ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಇಬ್ಬರು ಹೆಂಗಸರ ದುಡಿಮೆಯಿದೆ: ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ತೆರೆದ ಬಾಲಮಂದಿರದಲ್ಲಿ ತಾರಾಬಾಯಿ ಕೆಲಸ ಕಲಿತವರು. ಮಾಂಟೆಸ್ಸೊರಿ ಪದ್ಧತಿಯನ್ನು ಬಲ್ಲವರು. ಆದರೆ ಆ ಪದ್ಧತಿಯ ದುಬಾರಿ ಸಾಮಾನುಗಳು ಪೇಟೆಯ ಅನುಕೂಲಸ್ಥರಿಗೆ ಮಾತ್ರ ಸಿಗುತ್ತವೆ, ಹಳ್ಳಿಯ ಬಡವರಿಗೆ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಅವರನ್ನು ಕಾಡಿತು. 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಕಡಲತಡಿಯ ಹಳ್ಳಿಗೆ ಬಂದು ಕೆಲಸ ಶುರುಮಾಡಿದರು. ಅನುತಾಯಿ ಅಲ್ಲಿ ಅವರ ಜೊತೆಗೂಡಿದರು. ಹಳ್ಳಿಯ ಮಕ್ಕಳು ಶಾಲೆಗೆ ಬರಲಿಲ್ಲ. ಹಾಗಾದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂದು ಇವರು ಕೇರಿಯ ಅಂಗಳದಲ್ಲಿ ಕೂತರು. ಅದೇ ಅಂಗನವಾಡಿಯಾಯಿತು. ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲುಗಳೇ ಪಾಠದ ಸಾಮಾನುಗಳಾದವು. 1957ರ ಹೊತ್ತಿಗೆ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸಾಗಿತು. ಅಲ್ಲಿ ಮಕ್ಕಳು ದನ ಮೇಯಿಸಲು ಹೋಗುತ್ತಿದ್ದರು. ಶಾಲೆ ಹುಲ್ಲುಗಾವಲಿಗೂ ಹೋಯಿತು. ಅದಕ್ಕೆ ಕುರಣಶಾಳಾ ಎಂದು ಹೆಸರು. ದನ ಮೇಯುತ್ತಿರುವಾಗಲೇ ಎಣಿಕೆ, ಹಾಡು, ಕತೆ, ಗಿಡಮರಗಳ ಪರಿಚಯ.

ನಮ್ಮ ಓದುಗರು ನೆನಪಿಡಬೇಕಾದ ಒಂದು ಸಂಗತಿಯಿದೆ. 1945ರಲ್ಲಿ ಬೋರ್ಡಿಯೂ ಯರಗಟ್ಟಿಯೂ ಒಂದೇ ಮುಂಬಯಿ ಪ್ರಾಂತ್ಯದ ಊರುಗಳು. 1956ರ ನವೆಂಬರ್ 1ರವರೆಗೂ ಬೆಳಗಾವಿ ಸೀಮೆ ಮುಂಬಯಿಯ ಜೊತೆಗೇ ಇತ್ತು. ಯುರೋಪಿನಲ್ಲಿ 'ಕಾಡಿನ ಶಿಶುವಿಹಾರ' ಎಂಬುದು ಈಚೆಗೆ ದೊಡ್ಡ ಸುದ್ದಿ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಶುರುವಾದ ಆ ಪ್ರಯೋಗಕ್ಕೆ ಜರ್ಮನಿಯಲ್ಲಿ 1993ರ ಸುಮಾರಿಗೆ ಸರ್ಕಾರದ ಮನ್ನಣೆ ಸಿಕ್ಕಿತು. ಈಗ ನಮ್ಮ ದೊಡ್ಡ ಶಹರಗಳಲ್ಲೂ ಅನುಕೂಲಸ್ಥರ ಮಕ್ಕಳನ್ನು ಮಣ್ಣಿನಲ್ಲಿ ಆಡಿಸಲು ಫೀಸು ತೆಗೆದುಕೊಳ್ಳುವ ಜಾಗಗಳಿವೆ. ಆದರೆ ಬಯಲಿನ ಶಿಶುಶಾಲೆ ನಮಗೆ ಯುರೋಪಿನಿಂದ ಬರಬೇಕಾದ ಸರಕಲ್ಲ. ಅದು ನಮ್ಮದೇ ಪ್ರಾಂತ್ಯದ ಬಡವರ ಕೇರಿಯಲ್ಲಿ ಹುಟ್ಟಿ, ನಾವೇ ಮರೆತ ಸೊತ್ತು.

ಮರೆತದ್ದು ಹೇಗೆ? 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಈ ಯೋಜನೆ ಮಾಡಿದ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಲಕ್ಷಗಟ್ಟಲೆ ಬಡ ಮಕ್ಕಳ ಹೊಟ್ಟೆಗೆ ಅನ್ನ, ಮೈಗೆ ಚುಚ್ಚುಮದ್ದು, ಗರ್ಭಿಣಿಯರಿಗೆ ಆಸರೆ ಇದರಿಂದ ಸಿಕ್ಕಿದೆ. ಆದರೆ ಹೆಸರು ಬಂದಷ್ಟು ಸಲೀಸಾಗಿ ಅಂಗಳ ಬರಲಿಲ್ಲ. ಕೇಂದ್ರ ಎಂದರೆ ಒಂದು ಕೋಣೆ, ಒಂದು ಬೀಗ, ಒಂದು ದಾಸ್ತಾನು ಎಂದಾಯಿತು. ತೂಕದ ಪಟ್ಟಿ, ಹಾಜರಿ, ಸಮೀಕ್ಷೆ, ಈಗ ಅದರ ಮೇಲೆ ಮೊಬೈಲಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್. ಸಂಬಳವಲ್ಲ, ಗೌರವಧನ ಎಣಿಸಿಕೊಳ್ಳುವ ಹೆಣ್ಣುಮಗಳೊಬ್ಬಳು ಇವೆಲ್ಲವನ್ನೂ ಮಾಡಬೇಕು. ಕರ್ನಾಟಕದ ಅಂಗನವಾಡಿಗಳ ಚಟುವಟಿಕೆ ಪುಸ್ತಕಕ್ಕೆ 'ಚಿಲಿಪಿಲಿ' ಎಂದು ಹೆಸರಿದೆ. ಹಕ್ಕಿಯ ದನಿಯ ಹೆಸರು. ಹೆಸರಿಟ್ಟವರ ಮನಸ್ಸಿನಲ್ಲಿ ಬಯಲಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೋಣೆಯೊಳಗೆ ಓದುವಾಗ ಅದೂ ಒಂದು ರಿಜಿಸ್ಟರ್ ಆಗಿಬಿಡುತ್ತದೆ.

ಇನ್ನು ಪುಸ್ತಕಗಳ ಮಾತು. ನಾನು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದವನು. ನನ್ನ ಕಾಯಿದಾದಲ್ಲಿ ಅಲಿಫ್‌ಗೆ ಅನಾರ್, ಬೇಗೆ ಬಕ್ರಿ. ಮುಂದಿನ ತರಗತಿಯಲ್ಲಿ ಇಕ್ಬಾಲರ 'ಹಮ್‌ದರ್ದಿ' ಪದ್ಯ ಬಾಯಿಪಾಠ. ಕತ್ತಲಾಗಿ ಗೂಡಿಗೆ ಮರಳಲಾರದೆ ಕೊಂಬೆಯ ಮೇಲೆ ಕೂತ ಬುಲ್‌ಬುಲ್‌ಗೆ ಮಿಂಚುಹುಳ ಬೆಳಕು ತೋರಿಸುವ ಪದ್ಯ. ನಾನು ಅದನ್ನು ಈಗಲೂ ಮೆಚ್ಚುತ್ತೇನೆ. ಆದರೆ ಅದರ ಪಯಣ ನೋಡಿ. 'ಬಾಂಗೆ ದರಾ' (1924) ಸಂಕಲನದಲ್ಲಿ ಇಕ್ಬಾಲರೇ ಇದು ಇಂಗ್ಲಿಷಿನ ವಿಲಿಯಂ ಕೂಪರನಿಂದ ಪಡೆದದ್ದು ಎಂದು ಸೂಚಿಸಿದ್ದಾರೆ. ಕೂಪರನ ಹಕ್ಕಿ ನೈಟಿಂಗೇಲ್. ಅಲ್ಲಿ ಹುಳ ತನ್ನನ್ನು ತಿನ್ನಬೇಡವೆಂದು ಹಕ್ಕಿಯನ್ನು ಒಪ್ಪಿಸುತ್ತದೆ. ಇಕ್ಬಾಲರು ಆ ಜಾಣ ಹುಳವನ್ನು ಪರೋಪಕಾರಿ ಮಾಡಿದರು, ಹಕ್ಕಿಯನ್ನು ಫಾರ್ಸಿ ಕಾವ್ಯದ ಬುಲ್‌ಬುಲ್ ಮಾಡಿದರು. ಆ ಬುಲ್‌ಬುಲ್ ಕೂಡ ನೈಟಿಂಗೇಲ್ ಜಾತಿಯದೇ, ನಮ್ಮ ಸೀಮೆಯ ಹಕ್ಕಿಯಲ್ಲ. ನಾವು ಬುಲ್‌ಬುಲ್ ಎಂದು ಕರೆಯುವ, ತಲೆಯ ಮೇಲೆ ಕಪ್ಪು ಜುಟ್ಟು, ಬಾಲದಡಿ ಕೆಂಪು ಇರುವ ಪಿಕಳಾರ ಬೇರೆಯೇ ಹಕ್ಕಿ. ಅದು ನಮ್ಮ ಶಾಲೆಯ ಹಿಂದಿನ ಬೇಲಿಯಲ್ಲೇ ಗೂಡು ಕಟ್ಟುತ್ತಿತ್ತು. ನಾವು ಮಕ್ಕಳು ಕಿಟಕಿಗೆ ಬೆನ್ನು ಹಾಕಿ ಕೂತು ಇಂಗ್ಲೆಂಡಿನಿಂದ ಲಾಹೋರಿನ ದಾರಿಯಾಗಿ ಬಂದ ಬುಲ್‌ಬುಲ್‌ನ ಪದ್ಯವನ್ನು ಹೇಳುತ್ತಿದ್ದೆವು. ತಪ್ಪು ಇಕ್ಬಾಲರದಲ್ಲ. ಬೆನ್ನ ಹಿಂದೆ ಇದ್ದ ಹಕ್ಕಿಯನ್ನು ಒಮ್ಮೆಯೂ ತೋರಿಸದ ಪಾಠದ ಕ್ರಮದ್ದು.

ಅದೇ ಉರ್ದುವಿನಲ್ಲಿ ಇಸ್ಮಾಯಿಲ್ ಮೇರಠಿ (1844–1917) ಮಕ್ಕಳಿಗಾಗಿ ಬರೆದ ಹಸುವಿನ ಪದ್ಯವಿದೆ. ಅದರಲ್ಲಿ ಯಾವ ನೀತಿಯ ಭಾರವೂ ಇಲ್ಲ. ಹಸು ಹುಲ್ಲು ತಿನ್ನುತ್ತದೆ, ಹಾಲು ಕೊಡುತ್ತದೆ, ಇದನ್ನು ಮಾಡಿದವನಿಗೆ ಶುಕ್ರ್ ಎನ್ನುವುದಷ್ಟೆ. ಓದಿದ ಮಗು ಹೊರಗೆ ಹೋದರೆ ಪದ್ಯ ಅಲ್ಲೇ ನಿಂತಿರುತ್ತದೆ. ಕನ್ನಡದ ಮಕ್ಕಳ ಸಾಹಿತ್ಯದ ದೊಡ್ಡ ಗುಣವೂ ಇದೇ ಎಂದು ನನಗೆ ಅನಿಸಿದೆ. ಪಂಜೆಯವರ ನಾಗರಹಾವು, ರಾಜರತ್ನಂ ಅವರ ನಾಯಿಮರಿ ಎರಡೂ ಅಂಗಳದ ಜೀವಿಗಳು. ಮಗು ಅವುಗಳ ಜೊತೆ ನೇರವಾಗಿ ಮಾತಾಡುತ್ತದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ತಂದರು. ಪುಸ್ತಕ ಬರೆದು ಸುಮ್ಮನಾಗದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಮರಗಳ ನಡುವೆ ಕೂಡಿಸಿಕೊಂಡು ಆಟ, ಕುಣಿತ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗವನ್ನೂ ಮಾಡಿದರು. ಪೂರ್ಣಚಂದ್ರ ತೇಜಸ್ವಿ ದೊಡ್ಡವರಿಗಾಗಿ ಬರೆದ 'ಪರಿಸರದ ಕತೆ'ಯನ್ನು ಶಾಲೆ ಮಕ್ಕಳೂ ಹಟಹಿಡಿದು ಓದುವುದಕ್ಕೆ ಕಾರಣ, ಅದರಲ್ಲಿ ಉಪದೇಶಕ್ಕಿಂತ ನೋಟ ಹೆಚ್ಚಿರುವುದು.

ಹಾಗಾದರೆ ಕೊರತೆ ಎಲ್ಲಿದೆ? ಅಕ್ಷರಮಾಲೆಯ ಚಾರ್ಟಿನಲ್ಲಿ ಉ ಅಕ್ಷರದ ಮುಂದೆ ಉಡದ ಚಿತ್ರವಿರುತ್ತದೆ. ಬಿಳಿ ಹಾಳೆ, ನಡುವೆ ಉಡ. ಅದರ ಕಾಲಡಿಗೆ ನೆಲವಿಲ್ಲ, ಪಕ್ಕದಲ್ಲಿ ಪೊದೆಯಿಲ್ಲ, ಬಿಲವಿಲ್ಲ. ಅದೇ ಚಾರ್ಟಿನಲ್ಲಿ ಆನೆಯೂ ಇಲಿಯೂ ಒಂದೇ ಅಳತೆ. ನೆಲವಿಲ್ಲದ ಪ್ರಾಣಿಯನ್ನು ನೋಡಿ ಕಲಿತ ಮಗುವಿಗೆ ಪ್ರಾಣಿ ಎಂದರೆ ಅಕ್ಷರದ ಗುರುತು. ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಸೇಬು, ಜಿರಾಫೆ, ಪೆಂಗ್ವಿನ್‌ಗಳನ್ನು ದಿನವೂ ಒಪ್ಪಿಸುವ ಯರಗಟ್ಟಿಯ ಮಗು, ಯಾರೂ ಬಾಯಿಬಿಟ್ಟು ಹೇಳದ ಒಂದು ಪಾಠವನ್ನೂ ಕಲಿಯುತ್ತದೆ: ವಿದ್ಯೆ ಎಂದರೆ ಇಲ್ಲಿ ಇಲ್ಲದಿರುವುದು. ಇಲ್ಲಿರುವ ಜೋಳ, ಕಡಲೆ, ಬೆಳವನ ಹಕ್ಕಿ, ಜಾಲಿಗಿಡ ವಿದ್ಯೆಯಲ್ಲ. ಅಪ್ಪ, ಅವ್ವ, ದಾದಿ ಬಲ್ಲದ್ದೂ ವಿದ್ಯೆಯಲ್ಲ. ಮೂರು ವರ್ಷಕ್ಕೇ ಮಗುವಿನ ಮನಸ್ಸಿನಲ್ಲಿ ಈ ಕೀಳರಿಮೆ ಬೇರುಬಿಡುತ್ತದೆ.

ಖಾಲಾನ ಮೊಮ್ಮಗಳಿಗೆ ನಾಲ್ಕು ವರ್ಷ. ಮಿರಗದ ಮಳೆ ಒಂದೆರಡು ಸುರಿದ ಮೇಲೆ ನಾನು ಹೋಗಿದ್ದೆ. ಹಿತ್ತಿಲಿನ ಮಣ್ಣಿನಲ್ಲಿ ಕೆಂಪು ಮಕಮಲ್ಲಿನಂಥ ಸಣ್ಣ ಹುಳಗಳು ಎದ್ದಿದ್ದವು. ಹುಡುಗಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದು "ಇದು ಯಾವ ಕಲರ್ ಗೊತ್ತಾ, ರೆಡ್" ಎಂದಳು. ಅವಳ ಶಾಲೆ ಕಲಿಸಿದ್ದು ಅಷ್ಟು. ಖಾಲಾ ಒಳಗಿನಿಂದಲೇ "ಬೀರ್‌ಬಹೂಟಿ ಹೈ ಬೇಟಾ, ಮತ್ ಮಸಲ್" ಎಂದಳು. ಹಿತ್ತಿಲ ಗೋಡೆಯಾಚೆಯಿಂದ ಪಕ್ಕದ ಮನೆಯ ಅವ್ವ, "ಮಿರಗದ ಹುಳ ಅದು, ಅದು ಎದ್ದರ ಬಿತ್ತಿಗಿ ಶುರು ಆದಂಗ" ಎಂದರು. ಒಂದು ಹುಳ, ಎರಡು ಹೆಸರು, ಒಂದು ಬೇಸಾಯದ ಪಂಚಾಂಗ. ಒಂದೇ ನಿಮಿಷದಲ್ಲಿ ಹುಡುಗಿ ಎರಡು ಭಾಷೆಯನ್ನೂ ಒಂದು ಋತುವನ್ನೂ ಕಲಿತಳು. ಹುಳವನ್ನು ಮಣ್ಣಿಗೆ ಬಿಟ್ಟು ಅದು ಕಾಲು ಮಡಚಿ ಸತ್ತಂತೆ ನಟಿಸುವುದನ್ನೂ, ಆಮೇಲೆ ಎದ್ದು ನಡೆಯುವುದನ್ನೂ ಕುಕ್ಕರಗಾಲಲ್ಲಿ ಕೂತು ನೋಡಿದಳು. ಯಾವ ಚಾರ್ಟಿಗೂ ಇದು ಸಾಧ್ಯವಿಲ್ಲ.

ನಮ್ಮ ಮನೆಗಳಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ. ಈ ಎರಡು ಭಾಷೆಗಳ ಮಕ್ಕಳು ಈಗ ಬೇರೆ ಬೇರೆ ಶಾಲೆಗಳಿಗೆ, ಬೇರೆ ಬೇರೆ ವ್ಯಾನುಗಳಲ್ಲಿ ಹೋಗುತ್ತಿದ್ದಾರೆ. ಬೇವಿನ ಮರದ ಕೆಳಗೆ ಕೂತರೆ ನೀಮ್ ಮತ್ತು ಬೇವು ಒಂದೇ ಎಂದು ಯಾರೂ ಪಾಠ ಮಾಡಬೇಕಾಗಿಲ್ಲ. ಬಯಲು ಕಳೆದುಕೊಂಡಾಗ ನಾವು ಹಕ್ಕಿಯನ್ನಷ್ಟೇ ಕಳೆದುಕೊಳ್ಳುವುದಿಲ್ಲ, ನೆರೆಯವನ ಮಾತನ್ನೂ ಕಳೆದುಕೊಳ್ಳುತ್ತೇವೆ. ಮಕ್ತಬಿನಲ್ಲಿ ಇರುವೆ, ಜೇನ್ನೊಣ, ಜೇಡಗಳ ಹೆಸರಿನ ಸೂರಾಗಳಿವೆ ಎಂದು ಕಲಿಯುವ ಮಗುವಿಗೆ ಒಂದು ಇರುವೆ ಸಾಲನ್ನು ಕೂತು ನೋಡುವ ಹತ್ತು ನಿಮಿಷ ನಾವು ಕೊಟ್ಟಿದ್ದೇವೆಯೇ ಎಂದು ನಾನು ನನ್ನವರನ್ನೂ ಕೇಳುತ್ತೇನೆ.

ಅದೇ ಓಣಿಯ ಅಂಗನವಾಡಿಯೊಂದರ ಅಕ್ಕೋರು ಒಮ್ಮೊಮ್ಮೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿ ಮಾತಾಡಿಸಿದೆ. ಅವರು ಮಾಡುವುದು ದೊಡ್ಡದೇನಲ್ಲ. ಮಕ್ಕಳ ಕೈಗೆ ಒಂದು ಹಗ್ಗ ಕೊಟ್ಟು, ಎಲ್ಲರೂ ಹಿಡಿದುಕೊಂಡು, ಬೇವಿನ ಮರದವರೆಗೆ ನಡೆಸುತ್ತಾರೆ. ಬಿದ್ದ ಎಲೆ, ಬೇವಿನ ಬೀಜ ಆರಿಸಿ ಎಣಿಸುತ್ತಾರೆ. ಮಳೆಗಾಲದಲ್ಲಿ ದೂರದ ಬಾವಿಯ ಮೇಲಿನ ಗಿಡದಲ್ಲಿ ಗೀಜಗ ಗೂಡು ನೇಯುವುದನ್ನು ತೋರಿಸುತ್ತಾರೆ. ಗೂಡು ಕಟ್ಟುವುದು ಗಂಡು, ಒಪ್ಪಿಗೆಯಾದರೆ ಹೆಣ್ಣು ಬರುತ್ತದೆ ಎಂದು ಹೇಳಿದರೆ ಹೆಣ್ಣುಮಕ್ಕಳಿಗೆ ಬಲು ಖುಷಿಯಂತೆ. "ಎಲ್ಲಾ ಛಂದ ಅಂತ ಬರೀಬ್ಯಾಡ್ರಿ ಸರ್" ಎಂದು ಅವರೇ ಎಚ್ಚರಿಸಿದರು. "ಒಬ್ಬನಿಗೆ ಕೆಂಪಿರುವಿ ಕಡೀತು, ಅವರವ್ವ ಬಂದು ನನ್ನ ಜೋಡಿ ಜಗಳಾ ತಗದ್ಳು. ನಾಯಿ ಬರ್ತಾವು. ಒಬ್ಬಾಕಿನ ಇರತೀನಿ. ಯಾರರ ಓಡಿ ರೋಡಿಗೆ ಹೋದ್ರ ನನ್ನ ಕೆಲಸಾ ಹೋತು."

ಈ ಆಕ್ಷೇಪಗಳು ಸುಳ್ಳಲ್ಲ. ಯರಗಟ್ಟಿ ಹೆದ್ದಾರಿಯ ಊರು. ಕಬ್ಬಿನ ಟ್ರ್ಯಾಕ್ಟರುಗಳು, ಲಾರಿಗಳು ಬಿಡುವಿಲ್ಲದೆ ಓಡುತ್ತವೆ. ಸುತ್ತಲಿನ ಹೊಲಗಳಿಗೆ ಹೊಡೆಯುವ ಔಷಧಿಯ ಗಾಳಿ ಎಳೆಯ ಮಕ್ಕಳಿಗೆ ಒಳ್ಳೆಯದಲ್ಲ. ಎರೆಮಣ್ಣಿನ ಬಿರುಕಿನಲ್ಲಿ ಚೇಳಿರುತ್ತದೆ. ಬೇಸಿಗೆಯಲ್ಲಿ ಹತ್ತೂವರೆಯ ಮೇಲೆ ಹೊರಗೆ ಕೂರುವಂತಿಲ್ಲ.

ಇವೆಲ್ಲಕ್ಕಿಂತ ನನ್ನ ಬಾಯಿ ಕಟ್ಟಿಸಿದ್ದು ಹತ್ತಿ ಬಿಡಿಸಲು ಹೋಗುವ ತಾಯಿಯೊಬ್ಬಳ ಮಾತು. "ಹೊಲದಾಗ ಆಡಿ ನಾವು ಬೆಳದೀವ್ರಿ. ಆಡಿದ್ದಲ್ಲ, ಅವ್ವ ಕಳೆ ತಗ್ಯೂಮುಂದ ಬದುವಿನ ಮ್ಯಾಲ ಬಿಸಲಾಗ ಬಿದ್ದದ್ದು. ನನ್ನ ಮಗಳು ಫ್ಯಾನಿನ ಕೆಳಗ ಕುಂತು ಕಲೀಲಿ." ಇದಕ್ಕೆ ನಾನು ಏನು ಹೇಳಲಿ? ಬಯಲು ಎಲ್ಲರಿಗೂ ಒಂದೇ ಅಲ್ಲ. ಉಳ್ಳವರ ಮಗುವಿಗೆ ಅದು ವಿಹಾರ, ಇಲ್ಲದವರ ಮಗುವಿಗೆ ಅದು ಸೂರಿಲ್ಲದಿರುವಿಕೆ. ಬಯಲಿನ ಶಾಲೆಯ ಗುಣಗಾನ ಮಾಡುವ ನನ್ನಂಥ ಬರಹಗಾರರು ಈ ತಾಯಿಯ ಮಾತನ್ನು ದಾಟಿ ಮುಂದೆ ಹೋಗಲಾಗದು. ಕಟ್ಟಡವಿಲ್ಲದ ಅಂಗನವಾಡಿಗೆ 'ಮರದಡಿಯ ಶಾಲೆ' ಎಂದು ಚೆಂದದ ಹೆಸರಿಟ್ಟು ಸರ್ಕಾರ ಕೈತೊಳೆದುಕೊಳ್ಳುವ ಅಪಾಯವೂ ಇದೆ.

ಆದ್ದರಿಂದ ಕೋಣೆ ಬೇಕು. ಫ್ಯಾನೂ ಬೇಕು, ಶೌಚಾಲಯವೂ ಬೇಕು. ತಾರಾಬಾಯಿ, ಅನುತಾಯಿ ಅಂಗಳಕ್ಕೆ ಹೋದದ್ದು ಕಟ್ಟಡ ಉಳಿಸಲಿಕ್ಕಲ್ಲ, ಮಕ್ಕಳನ್ನು ತಲುಪಲಿಕ್ಕೆ. ಆ ತಾಯಿ ಬಿದ್ದುಕೊಂಡಿದ್ದ ಬದುವಿನ ಮೇಲೆ ಅವಳ ಜೊತೆ ಮಾತಾಡಲು ಯಾರೂ ಇರಲಿಲ್ಲ ಎಂಬುದು ನಿಜವಾದ ಕೊರತೆ. ಅಂಗಳದಲ್ಲಿ ಮಗುವಿನ ಪಕ್ಕ ಕೂತು, ಅದು ತೋರಿಸಿದ್ದನ್ನು ನೋಡಿ, ಅದರ ಪ್ರಶ್ನೆಗೆ ಮಾತು ಸೇರಿಸುವ ದೊಡ್ಡವರೊಬ್ಬರು ಇದ್ದರೆ ಮಾತ್ರ ಬಯಲು ಶಾಲೆಯಾಗುತ್ತದೆ. ಸಲೀಂ ಅಲಿ ಹುಡುಗನಿದ್ದಾಗ ತಾನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ, ತಿನ್ನಬಹುದೇ ಎಂದು ಮಾವನನ್ನು ಕೇಳಿದ. ಮಾವ ಗದರಿಸಿ ಕಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆತ ಹುಡುಗನನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದ. ಭಾರತಕ್ಕೆ ಹಕ್ಕಿಗಳ ದೊಡ್ಡ ಪಂಡಿತನೊಬ್ಬ ಸಿಕ್ಕಿದ.

ಬೇಕಾದದ್ದು ಆಕಾಶದ ಚಂದ್ರನಲ್ಲ. ಅಂಗನವಾಡಿಯ ಮುಂದೆ ಬೇಲಿ ಹಾಕಿದ ನಾಲ್ಕು ಗುಂಟೆಯಾದರೂ ಅಂಗಳ. ಅದರಲ್ಲಿ ಒಂದು ನೆರಳಿನ ಮರ, ಮಕ್ಕಳು ತಾವೇ ಕಡಲೆ, ಮೆಂತ್ಯ ಬಿತ್ತುವ ಒಂದು ಮಡಿ, ಹಕ್ಕಿಗೆ ನೀರಿಡುವ ಒಂದು ಪರಟಿ. ಬಿಸಿಲೇರುವ ಮೊದಲಿನ ಮುಕ್ಕಾಲು ತಾಸು. ಅಷ್ಟು ಹೊತ್ತು ಅಕ್ಕೋರ ಜೊತೆ ಇನ್ನೊಂದು ಜೊತೆ ಕಣ್ಣು: ಓಣಿಯ ಒಬ್ಬ ಅಜ್ಜಿ, ಒಬ್ಬ ದಾದಿ. ಗಿಡ, ಹುಳ, ಹಕ್ಕಿಗಳ ಹೆಸರು ಅವರ ಬಾಯಲ್ಲಿದೆ, ಯಾವ ತರಬೇತಿಯೂ ಬೇಡ. ಅಕ್ಕೋರ ತಲೆಯ ಮೇಲಿನ ರಿಜಿಸ್ಟರುಗಳಲ್ಲಿ ಎರಡನ್ನಾದರೂ ಇಳಿಸುವುದು. ಗೋಡೆಯ ಮೇಲೆ ಚಿತ್ರ ಬರೆಸುವುದಾದರೆ ಪೆಂಗ್ವಿನ್ ಇರಲಿ, ಅದರ ಪಕ್ಕದಲ್ಲಿ ಗೀಜಗನೂ ಇರಲಿ, ಕಾಲಡಿಗೆ ನೆಲದ ಸಮೇತ.

ಊರಿನ ಸುತ್ತ ಹೆಸರುಗಳು ಮಾತ್ರ ಉಳಿಯುವ ಕಾಲ ಬರುತ್ತಿದೆ. ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಜಾಗಕ್ಕೆ ನವಿಲುತೀರ್ಥ ಎಂದು ಹೆಸರು. ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ಬಸ್ಸಿಗೆ ಚಿಗರಿ ಎಂದು ಹೆಸರು. ಖಾಲಾನ ಮೊಮ್ಮಗಳಿಗೆ ಚಿಗರಿ ಎಂದರೆ ಬಸ್ಸೇ. ಅಂಗನವಾಡಿ ಎಂದರೆ ಕೋಣೆಯೇ. ಮರಳಿ ಬರುವಾಗ ನಾನು ಆ ಸಸಿಯವನ ಹತ್ತಿರ ಮತ್ತೆ ನಿಂತೆ. ಬಿಸಿಲಿಗೆ ಇಟ್ಟಿದ್ದ ಟ್ರೇಗಳು ಖಾಲಿಯಾಗಿದ್ದವು. ರೈತರು ಒಯ್ದಿದ್ದರು. ಎದುರಿನ ನರ್ಸರಿಯ ಮುಂದೆ ವ್ಯಾನು ಬಂದು ನಿಂತಿತ್ತು. ಟೈ ಕಟ್ಟಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಕಾಲು ಮಣ್ಣಿಗೆ ತಾಗದಂತೆ, ಒಳಗೆ ಕೂಡಿಸುತ್ತಿದ್ದರು.